ಖಾಲಿ ದ್ವೀಪಕ್ಕೆ ನೂರು ಹಡಗು

ಎದುರಾಳಿಯೇ ಇಲ್ಲದ ಯುದ್ಧವನ್ನು ಸೋಲುವುದು ಕಷ್ಟ. ಅಂಥ ಯುದ್ಧದಲ್ಲಿ ಮುನ್ನೂರಕ್ಕೂ ಹೆಚ್ಚು ಜನರನ್ನು ಸಾವು-ನೋವಿಗೆ ಒಪ್ಪಿಸಿ ಗೆಲ್ಲುವುದು ಇನ್ನೂ ಕಷ್ಟ. ಎರಡನೆಯ ಮಹಾಯುದ್ಧದಲ್ಲಿ ಮಿತ್ರರಾಷ್ಟ್ರಗಳ ಪಡೆ ಆ ಕಷ್ಟದ ಕೆಲಸವನ್ನೂ ಮಾಡಿ ತೋರಿಸಿತು.

ಜಾಗದ ಹೆಸರು ಕಿಸ್ಕಾ. ಪೆಸಿಫಿಕ್ ಮಹಾಸಾಗರದ ಉತ್ತರದ ಅಂಚಿನಲ್ಲಿ, ಅಲಾಸ್ಕಾದಿಂದ ಪಶ್ಚಿಮಕ್ಕೆ ಹಬ್ಬಿದ ಅಲ್ಯೂಷಿಯನ್ ದ್ವೀಪಗಳಲ್ಲಿ ಅದೂ ಒಂದು. ಅಲ್ಲಿ ಮರ ಎಂಬುದಿಲ್ಲ. ಮಂಜು, ಗಾಳಿ, ಕೆಸರು ಬೇಕಾದಷ್ಟು. 1942ರ ಜೂನ್‌ನಲ್ಲಿ ಜಪಾನಿಯರು ಬಂದಿಳಿದಾಗ ಅಲ್ಲಿದ್ದದ್ದು ಅಮೆರಿಕದ ಹವಾಮಾನ ಠಾಣೆಯ ಹತ್ತು ಮಂದಿ ಮತ್ತು ಒಂದು ನಾಯಿಮರಿ. ಇಷ್ಟನ್ನು ಗೆದ್ದು ಜಪಾನಿಯರು ಬೀಗಿದರು. ಇಷ್ಟನ್ನು ಕಳಕೊಂಡು ಅಮೆರಿಕದವರು ಕುದಿದರು. ಮರಳಿ ಪಡೆಯಲು ಒಂದು ವರ್ಷ ತಯಾರಿ ನಡೆಯಿತು.

1943ರ ಜುಲೈ 26ರ ರಾತ್ರಿ ಕಿಸ್ಕಾದ ಪಶ್ಚಿಮಕ್ಕಿದ್ದ ಅಮೆರಿಕದ ಯುದ್ಧನೌಕೆಗಳ ರಾಡಾರ್ ಪರದೆ ಮೇಲೆ ಚುಕ್ಕಿಗಳು ಕಂಡವು. ಶತ್ರುವಿನ ನೌಕಾಪಡೆಯೇ ಬಂತೆಂದು ಹದಿನಾಲ್ಕು ಇಂಚಿನ ತೋಪುಗಳಿಂದ ಐನೂರಕ್ಕೂ ಹೆಚ್ಚು ಗುಂಡು ಹಾರಿಸಿದರು. ಬೆಳಕಾದ ಮೇಲೆ ನೋಡಿದರೆ ಮುಳುಗಿದ ಹಡಗಿಲ್ಲ, ತೇಲುವ ಹಲಗೆಯಿಲ್ಲ, ನೀರಿನ ಮೇಲೆ ಎಣ್ಣೆಯ ಕಲೆಯೂ ಇಲ್ಲ. ಅವು ಸಾಲುಗಟ್ಟಿ ಹೊರಟಿದ್ದ ಕಡಲಹಕ್ಕಿಗಳಿರಬೇಕು ಎಂಬುದು ಮುಂದೆ ಬಂದ ಒಂದು ವಿವರಣೆ. ಹಕ್ಕಿಗಳಿಗೂ ಏನೂ ಆದಂತಿಲ್ಲ.

ಇಷ್ಟು ಶೌರ್ಯ ತೋರಿದ ಮೇಲೆ ಹಡಗುಗಳಿಗೆ ಎಣ್ಣೆ ತುಂಬಿಸಬೇಕಲ್ಲ. ಕಾವಲು ಬಿಟ್ಟು ಅದಕ್ಕೆ ಹೋದರು. ಜುಲೈ 28ರಂದು ದಟ್ಟ ಮಂಜಿನ ಮರೆಯಲ್ಲಿ ಜಪಾನಿನ ಹಡಗುಗಳು ಬಂದು, ದ್ವೀಪದಲ್ಲಿದ್ದ ಐದು ಸಾವಿರಕ್ಕೂ ಹೆಚ್ಚು ಜನರನ್ನು ಒಂದು ತಾಸಿನೊಳಗೆ ಹತ್ತಿಸಿಕೊಂಡು ಹೋಗಿಬಿಟ್ಟವು.

ಅಲ್ಲಿಂದ ಎರಡು ವಾರಕ್ಕೂ ಮೇಲ್ಪಟ್ಟು ಅಮೆರಿಕದ ವಿಮಾನಗಳು ಖಾಲಿ ದ್ವೀಪದ ಮೇಲೆ ಬಾಂಬು ಸುರಿದವು. ನಿಂತ ಲಾರಿ ನಿಂತಲ್ಲೇ ಇದೆ, ಬಾಂಬು ಬಿದ್ದ ಗುಂಡಿಯನ್ನು ಮುಚ್ಚುವವರಿಲ್ಲ ಎಂದು ಆಕಾಶದಿಂದ ತೆಗೆದ ಫೋಟೊಗಳೇ ಹೇಳುತ್ತಿದ್ದವು. ಆದರೂ ಕೆಳಗಿನಿಂದ ನಮ್ಮ ಮೇಲೆ ಗುಂಡು ಬಂತು ಎಂದು ಕೆಲವು ಪೈಲಟ್‌ಗಳು ವರದಿ ಕೊಟ್ಟರು. ಗುಪ್ತವಾಗಿ ನಾಲ್ಕು ಜನರನ್ನು ಕಳಿಸಿ ನೋಡಿಬರೋಣ ಎಂಬ ಸಲಹೆಯೂ ಬಂದಿತ್ತು. ಕಾರ್ಯಾಚರಣೆಯ ಹೊಣೆ ಹೊತ್ತಿದ್ದ ಅಡ್ಮಿರಲ್ ಕಿಂಕೇಡ್ ಒಪ್ಪಲಿಲ್ಲ. ಶತ್ರು ಇದ್ದರೆ ಯುದ್ಧ, ಇಲ್ಲದಿದ್ದರೆ ಒಳ್ಳೆಯ ತಾಲೀಮು ಎಂಬುದು ಅವರ ಲೆಕ್ಕ. ಆಗಸ್ಟ್ 15ರಂದು ಸುಮಾರು ನೂರು ಹಡಗುಗಳಲ್ಲಿ 34,000ದಷ್ಟು ಅಮೆರಿಕ ಮತ್ತು ಕೆನಡಾದ ಸೈನಿಕರು ದಂಡೆತ್ತಿ ಬಂದು ಕಿಸ್ಕಾದಲ್ಲಿ ಇಳಿದರು. ಮಂಜಿನಲ್ಲಿ ಕೆನಡಾದವರನ್ನು ಕಂಡು ಅಮೆರಿಕದವರು ಗುಂಡು ಹಾರಿಸಿದರು, ಅಮೆರಿಕದವರನ್ನು ಕಂಡು ಕೆನಡಾದವರು ಹಾರಿಸಿದರು. ಕೆಲವರು ಜಪಾನಿಯರು ಹುಗಿದಿಟ್ಟು ಹೋಗಿದ್ದ ಸ್ಫೋಟಕಗಳಿಗೆ ಸಿಕ್ಕರು. ಆಬ್ನರ್ ರೀಡ್ ಎಂಬ ಹಡಗು ಸಮುದ್ರದ ಮೈನ್‌ಗೆ ತಗುಲಿ ಸುಮಾರು ಎಪ್ಪತ್ತು ನಾವಿಕರು ಹೋದರು. ಕೊನೆಗೆ ದ್ವೀಪ ವಶವಾಯಿತು. ಎದುರುಗೊಳ್ಳಲು ಇದ್ದದ್ದು ಒಂದಷ್ಟು ನಾಯಿಗಳು.

ಈ ಕಥೆಯನ್ನು ನಮ್ಮ ಸುರಪುರದ ರಂಗಂಪೇಟೆಯ ಚಹಾದಂಗಡಿಯಲ್ಲಿ ಹೇಳಿನೋಡಿ. ಯಾರೂ ಬೆರಗಾಗುವುದಿಲ್ಲ. ಬಿಸಿ ಮಿರ್ಚಿ ಮುರಿಯುತ್ತ ಕೂತ ನಿವೃತ್ತ ಮಾಸ್ತರರೊಬ್ಬರು ಕೇಳುತ್ತಾರೆ: “ಇದರಾಗ ಹೊಸಾದೇನೈತ್ರಿ? ಅಮೆರಿಕಾದವರಿಗಿ ಇದು ಗೊತ್ತಾಗ್ಲಿಕ್ಕೆ 1943 ಬರಬೇಕಾತು. ನಮ್ಮ ವಾಗಣಗೇರಾದಾಗ 1705ರಾಗ ಆಗಿಹೋಗ್ಯಾದ.”

ಮಾಸ್ತರರು ಹೇಳುವುದು ಉತ್ಪ್ರೇಕ್ಷೆಯಲ್ಲ. ಸುರಪುರದ ಪಕ್ಕದ ವಾಗಣಗೇರಾ ಗುಡ್ಡದ ಕೋಟೆ ಬೇಡರ ದೊರೆ ಪಿಡ್ಡನಾಯಕನದು. ಅದನ್ನು ಹಿಡಿಯಲು 1705ರ ಫೆಬ್ರವರಿಯಲ್ಲಿ ಬಂದವನು ಯಾರೋ ಸುಬೇದಾರನಲ್ಲ, ಖುದ್ದು ಔರಂಗಜೇಬ. ವಯಸ್ಸು 86. ಕಾಬೂಲಿನಿಂದ ಹಿಡಿದು ದಖ್ಖನಿನವರೆಗೆ ರಾಜ್ಯ. ಬಿಜಾಪುರ ನುಂಗಿಯಾಗಿದೆ, ಗೋಲ್ಕೊಂಡ ನುಂಗಿಯಾಗಿದೆ. ಆದರೂ ಸಗರನಾಡಿನ ಒಂದು ಕಲ್ಲುಗುಡ್ಡ ಅವನ ನಿದ್ದೆ ಕೆಡಿಸಿತ್ತು. ಆನೆ, ತೋಪು, ಲಕ್ಷಗಟ್ಟಲೆ ಜನ, ಅವರ ಹಿಂದೆ ಹೊರಟ ಬಜಾರು, ಎಲ್ಲ ಬಂದು ಇಲ್ಲಿ ಬೀಡುಬಿಟ್ಟಿತು.

ಬೇಡರ ಬಂದೂಕು ಗುರಿ ತಪ್ಪುವುದಿಲ್ಲ ಎಂಬುದು ಬಾದಶಹನ ಸೈನ್ಯಕ್ಕೆ ಮೊದಲ ವಾರವೇ ತಿಳಿಯಿತು. ಗೆದ್ದ ದಿಬ್ಬವನ್ನು ಸಂಜೆಗೆ ಬಿಟ್ಟು ಇಳಿಯಬೇಕಾಯಿತು. ಅಷ್ಟರಲ್ಲಿ ಧನಾಜಿ ಜಾಧವನ ಮರಾಠಾ ದಂಡೂ ಬೇಡರ ಕೂಡ ಸೇರಿಕೊಂಡಿತು. ಆಮೇಲೆ ಪಿಡ್ಡನಾಯಕ ಸಂಧಾನದ ಆಟ ಹೂಡಿದ. ತಮ್ಮನನ್ನು ಬಾದಶಹನ ಡೇರೆಗೆ ಕಳಿಸಿದ, ಕೋಟೆ ಒಪ್ಪಿಸುತ್ತೇನೆ ಎಂದ, ಒಂದಿಷ್ಟು ದಿನ ಗಡುವು ಕೇಳಿದ. ಗಡುವಿನ ನಡುವೆ ಒಳಗಿನಿಂದ ಸುದ್ದಿ ಬಂತು: ನಾಯಕನಿಗೆ ಹುಚ್ಚು ಹಿಡಿದಿದೆ, ಮರಾಠರ ಸಂಗಡ ಓಡಿಹೋಗಿದ್ದಾನೆ. ಓಡಿಹೋದ ಹುಚ್ಚ ಒಳಗೇ ಕೂತು ಮದ್ದು ಗುಂಡು ಕೂಡಿಹಾಕುತ್ತಿದ್ದ. ಇಡೀ ಹಿಂದೂಸ್ತಾನದ ಆಡಳಿತ ಗುಡ್ಡದ ಕೆಳಗೆ ಡೇರೆ ಹಾಕಿಕೊಂಡು, ಮೇಲೆ ಒಬ್ಬ ಮನುಷ್ಯ ಇದ್ದಾನೋ ಇಲ್ಲವೋ ಎಂದು ಚರ್ಚಿಸುತ್ತಿತ್ತು.

ಏಪ್ರಿಲ್ ಕೊನೆಗೆ ದೊಡ್ಡ ದೊಡ್ಡ ಸರದಾರರನ್ನೆಲ್ಲ ಕರೆಸಿಕೊಂಡು, ಬಾವಿಗಳನ್ನು ಹಿಡಿದು, ಕೆಳಗಿನ ಪೇಟೆಗೆ ನುಗ್ಗಿದರು. ಅಂದು ರಾತ್ರಿ ಪಿಡ್ಡನಾಯಕ ತನ್ನವರನ್ನೆಲ್ಲ ಕರಕೊಂಡು, ಕೋಟೆಗೆ ಬೆಂಕಿಯಿಟ್ಟು ಹಿಂದಿನಿಂದ ಇಳಿದುಹೋದ. ಬೆಳಿಗ್ಗೆ ಬಾದಶಹನ ಸೈನ್ಯ ಗೆದ್ದದ್ದು ಖಾಲಿ ಗೋಡೆ, ಬಿಸಿ ಬೂದಿ. ಖಾಲಿ ಕೋಟೆ ಎಂದರೆ ಇತಿಹಾಸಕ್ಕೆ ಸರಿಬರುವುದಿಲ್ಲವಲ್ಲ, ಹಾಗಾಗಿ ಊರಿಗೆ ರಹಮಾನ್ ಬಕ್ಷ್ ಖೇಡಾ ಎಂದು ಹೊಸ ನಾಮಕರಣ ಆಯಿತು. ಹೆಸರು ಬದಲಿಸುವುದನ್ನು ಅಭಿವೃದ್ಧಿ ಎಂದುಕೊಳ್ಳುವ ರೂಢಿ ಇತ್ತೀಚಿನದೆಂದು ತಿಳಿದವರು ಇದನ್ನು ಗಮನಿಸಬೇಕು. ಬಾದಶಹ ಅಲ್ಲಿಂದ ಕೃಷ್ಣೆಯ ಕಡೆ ದೇವಾಪುರಕ್ಕೆ ಬಂದು ತಂಗಿದ, ಹಾಸಿಗೆ ಹಿಡಿದ, ಅಕ್ಟೋಬರಿನಲ್ಲಿ ಪಲ್ಲಕ್ಕಿಯಲ್ಲಿ ಹೊರಟ. ಅದು ಅವನು ಖುದ್ದಾಗಿ ನಿಂತು ನಡೆಸಿದ ಕೊನೆಯ ಮುತ್ತಿಗೆ. 1707ರಲ್ಲಿ ಅಹ್ಮದನಗರದಲ್ಲಿ ತೀರಿಕೊಂಡ. ಬೇಡರು ಎಲ್ಲಿಗೂ ಹೋಗಲಿಲ್ಲ. ಅವರ ಸಂಸ್ಥಾನ 1858ರ ಬಂಡಾಯದಲ್ಲಿ ವೆಂಕಟಪ್ಪನಾಯಕ ಬ್ರಿಟಿಷರ ಎದುರು ನಿಲ್ಲುವವರೆಗೂ ನಡೆಯಿತು. ಹೊಸ ಹೆಸರು ಅಲ್ಲಿಯವರೆಗೂ ಬಾಳಲಿಲ್ಲ. ಬಸ್ಸಿನ ಬೋರ್ಡಿನ ಮೇಲೆ ಇಂದಿಗೂ ವಾಗಣಗೇರಾ ಎಂದೇ ಇದೆ.

ಕಿಸ್ಕಾಕ್ಕೂ ವಾಗಣಗೇರಾಕ್ಕೂ ನಡುವೆ 238 ವರ್ಷ, ಅರ್ಧ ಭೂಮಂಡಲ. ದೊಡ್ಡವರ ಕಣ್ಣು ಮಾತ್ರ ಒಂದೇ ಅಂಗಡಿಯ ಕನ್ನಡಕ ಹಾಕಿಕೊಂಡಿತ್ತು. ಯಾರೂ ಇಲ್ಲದ ಕಡೆ ಅದಕ್ಕೆ ಶತ್ರು ಕಾಣುತ್ತಾನೆ. ಜನ ಇರುವ ಕಡೆ ಏನು ಕಾಣುತ್ತದೆ ಎಂಬುದಕ್ಕೆ ಕಕ್ಕೇರಾದ ಕಡೆ ಹೋಗಬೇಕು.

ಅಲ್ಲಿ ಕೃಷ್ಣಾ ನದಿ ಸೀಳಿ ಎರಡಾಗುವ ಕಡೆ, ಹಿಂದೆ ಸುರಪುರ ತಾಲೂಕಿಗೆ ಸೇರಿದ್ದ ನೀಲಕಂಠರಾಯನಗಡ್ಡಿ ಇದೆ. ಸುತ್ತಲೂ ನೀರು, ನಡುವೆ ಮನೆ, ಹೊಲ, ದನ. ಭೂಗೋಳದ ಪುಸ್ತಕ ಇದನ್ನು ದ್ವೀಪ ಎನ್ನುತ್ತದೆ, ತಾಲೂಕಿನ ಕಾಗದದಲ್ಲಿ ಇದು ‘ಸಂಪರ್ಕ ಕಡಿತಗೊಂಡ ಗ್ರಾಮ’. ಪ್ರತಿ ಮಳೆಗಾಲ ಮೇಲೆ ಮಹಾರಾಷ್ಟ್ರದ ಘಟ್ಟದಲ್ಲಿ ಮಳೆ ಹೊಡೆದರೆ ಆಲಮಟ್ಟಿ ತುಂಬುತ್ತದೆ, ಆಲಮಟ್ಟಿ ತುಂಬಿದರೆ ನಾರಾಯಣಪುರದ ಬಸವಸಾಗರ ತುಂಬುತ್ತದೆ, ಬಸವಸಾಗರದ ಗೇಟು ಎತ್ತಿದರೆ ಗಡ್ಡಿಯ ಜನ ಗಡ್ಡಿಯಲ್ಲೇ ಉಳಿಯುತ್ತಾರೆ. ಹೊಳೆಯ ಕೆಳಗೆ ಲಿಂಗಸುಗೂರು ತಾಲೂಕಿನ ಕರಕಲಗಡ್ಡಿ, ಮ್ಯಾದರಗಡ್ಡಿಗಳದೂ ಇದೇ ಪಾಡು. ಇನ್ನೂ ಕೆಳಗೆ ರಾಯಚೂರು ತಾಲೂಕಿನ ಕುರ್ವಕುಲಾ, ಕುರ್ವಕುರ್ದಾಗಳಿಗೆ ಸೇತುವೆ ಕಟ್ಟುತ್ತೇವೆಂದು ಹೊರಟವರು ಕಂಬಗಳನ್ನು ನಿಲ್ಲಿಸಿ ವರ್ಷಗಟ್ಟಲೆ ಮಾಯವಾಗಿದ್ದರು. ನೀರಿನ ನಡುವೆ ನಿಂತ ಆ ಕಂಬಗಳ ಮೇಲೆ ಕೊಕ್ಕರೆಗಳು ಕೂರುತ್ತಿದ್ದವು. ಒಟ್ಟಿನಲ್ಲಿ ಫಲಾನುಭವಿಗಳು ಇರಲಿಲ್ಲ ಎನ್ನುವಂತಿರಲಿಲ್ಲ.

2014ರ ಜುಲೈ ಕೊನೆ. ಹೊಳೆ ಏರಿತ್ತು. ನೀಲಕಂಠರಾಯನಗಡ್ಡಿಯಲ್ಲಿ ಒಬ್ಬ ತುಂಬು ಗರ್ಭಿಣಿ. ಗಡ್ಡಿಯಲ್ಲಿ ದವಾಖಾನೆ ಇಲ್ಲ. ನೀರಿನ ಸೆಳವು ನೋಡಿ ತೆಪ್ಪ ಹಾಕುವವರೂ ಹಿಂದೆ ಸರಿದರು. ಆಕೆ ಒಣಗಿದ ಸೋರೆಬುರುಡೆ, ಕುಂಬಳಕಾಯಿ ಮೈಗೆ ಕಟ್ಟಿಕೊಂಡು, ತಂದೆ, ಅಣ್ಣ-ತಮ್ಮಂದಿರನ್ನು ಆಚೀಚೆ ಇಟ್ಟುಕೊಂಡು ತುಂಬಿದ ಕೃಷ್ಣೆಗೆ ಇಳಿದಳು. ಹತ್ತಿರ ಹತ್ತಿರ ಒಂದು ಕಿಲೋಮೀಟರ್ ಈಜಿ ದಡ ಮುಟ್ಟಿದಳು.

ನೀರಿನಿಂದ ನೆಲಕ್ಕೆ ಏರುವ ಕಾರ್ಯಾಚರಣೆ ಎಂದು ಮಿಲಿಟರಿ ಕಾಲೇಜುಗಳಲ್ಲಿ ವರ್ಷಗಟ್ಟಲೆ ಕಲಿಸುತ್ತಾರಲ್ಲ, ಅದರ ಪಠ್ಯದಲ್ಲಿ ಇದಕ್ಕೊಂದು ಅಧ್ಯಾಯ ಇರಬೇಕಿತ್ತು. ಪೆಸಿಫಿಕ್‌ನಲ್ಲಿ ಅಮೆರಿಕದ ನೌಕಾಪಡೆ ನಡೆಸಿದ ಅಡ್ಮಿರಲ್ ನಿಮಿಟ್ಜ್ ಅವರಿಗೂ ಇಷ್ಟು ಕಡಿಮೆ ಸಾಮಗ್ರಿಯಲ್ಲಿ ದಡ ಹಿಡಿಯುವ ಪ್ರಸಂಗ ಬಂದಿರಲಿಲ್ಲ. ವಿಮಾನದ ಬೆಂಬಲ ಇಲ್ಲ, ತೋಪಿನ ಬೆಂಬಲ ಇಲ್ಲ, ಗ್ರಾಮಲೆಕ್ಕಿಗರ ಬೆಂಬಲವೂ ಇಲ್ಲ.

ಟಿವಿಯವರು ಬಂದರು, ಲಂಡನ್ನಿನ ಬಿಬಿಸಿಗೂ ಸುದ್ದಿ ಮುಟ್ಟಿತು. ‘ಧೀರ ಮಹಿಳೆ’ ಎಂದು ಹೊಗಳಿದರು. ಇದು ನಮ್ಮಲ್ಲಿ ಬಹಳ ಅನುಕೂಲದ ಪದ್ಧತಿ. ಯಾರಿಗೆ ದೋಣಿ ಕೊಡಲಾಗುವುದಿಲ್ಲವೋ ಅವರಿಗೆ ಬಿರುದು ಕೊಡುವುದು. ಬಿರುದಿಗೆ ಟೆಂಡರ್ ಬೇಡ, ಡೀಸೆಲ್ ಬೇಡ, ವರ್ಷಕ್ಕೊಮ್ಮೆ ರಿಪೇರಿ ಬೇಡ.

ದೋಣಿ ಎಂದಾಗ ಒಂದು ಮಾತು. ಪೆಸಿಫಿಕ್‌ನ ದ್ವೀಪಗಳನ್ನು ಹತ್ತಿದ್ದು ಉಕ್ಕಿನ ರಾಕ್ಷಸ ಯಂತ್ರಗಳಿಂದ ಎಂದು ನಾವೆಲ್ಲ ತಿಳಿದಿದ್ದೇವೆ. ಬಹುಪಾಲು ಕೆಲಸ ಮಾಡಿದ್ದು ಪ್ಲೈವುಡ್ಡಿನ ದೋಣಿ. ಆಂಡ್ರ್ಯೂ ಹಿಗಿನ್ಸ್ ಎಂಬ ನ್ಯೂ ಆರ್ಲಿಯನ್ಸಿನ ವ್ಯಾಪಾರಿ ಲೂಸಿಯಾನಾದ ಜವಳು ನೆಲದಲ್ಲಿ ಬೇಟೆಗಾರರು, ಎಣ್ಣೆ ಹುಡುಕುವವರು ತಿರುಗಾಡಲಿ ಎಂದು ಮಾಡುತ್ತಿದ್ದ ದೋಣಿ ಅದು. ಆಳವಿಲ್ಲದ ನೀರಲ್ಲೂ ಓಡಬೇಕು, ಮರದ ದಿಮ್ಮಿ ತಗುಲಿದರೂ ಒಡೆಯಬಾರದು, ದಡಕ್ಕೆ ಮೂಗು ತೂರಿಸಿ ಮತ್ತೆ ಹಿಂದೆ ಸರಿಯಬೇಕು. ಸೈನ್ಯದವರು ಅದಕ್ಕೆ ಮುಂದೊಂದು ಬಾಗಿಲು ಇಡಿಸಿದರು. 36 ಜನ ಹಿಡಿಯುತ್ತಿದ್ದರು. ಯುದ್ಧ ಮುಗಿಯುವಷ್ಟರಲ್ಲಿ 20,000ಕ್ಕೂ ಹೆಚ್ಚು ಕಟ್ಟಿದ್ದರು. ಅಷ್ಟರಲ್ಲಿ ಒಂದು, ಒಂದೇ ಒಂದು, ಕೃಷ್ಣೆಗೆ ಸಾಕಾಗುತ್ತಿತ್ತು. ಕೃಷ್ಣೆಯಲ್ಲಿ ಇರುವುದು ಬಿದಿರಿನ ಹರಿಗೋಲು, ತಳಕ್ಕೆ ಡಾಂಬರು ಬಳಿದದ್ದು. ಅದರ ಕಾರ್ಖಾನೆ, ರಿಪೇರಿ, ಇನ್ಶೂರೆನ್ಸ್ ಎಲ್ಲ ಅದನ್ನು ನಡೆಸುವವನ ತೋಳಿನಲ್ಲಿವೆ.

ದೊಡ್ಡವರಿಗೆ ದೋಣಿ ಇದ್ದರೂ ನೀರಿನ ಲೆಕ್ಕ ಬರುವುದಿಲ್ಲ ಎನ್ನುವುದಕ್ಕೆ ತರಾವಾ ಸಾಕ್ಷಿ. ಗಿಲ್ಬರ್ಟ್ ದ್ವೀಪಗಳ ತರಾವಾದಲ್ಲಿ ಬೆಟಿಯೊ ಎಂಬ ತುಣುಕು ನೆಲ, ಉದ್ದ ಮೂರು ಕಿಲೋಮೀಟರ್ ಚಿಲ್ಲರೆ. ಸುತ್ತ ನೀರಿನಡಿ ಹವಳದ ದಿಬ್ಬ. ಹಿಗಿನ್ಸ್ ದೋಣಿ ಅದರ ಮೇಲೆ ದಾಟಲು ಸುಮಾರು ನಾಲ್ಕು ಅಡಿ ನೀರು ಬೇಕು. 1943ರ ನವೆಂಬರ್ 20ಕ್ಕೆ ಮುಹೂರ್ತ ಇಟ್ಟರು. ಆ ದ್ವೀಪಗಳಲ್ಲಿ ಹದಿನೈದು ವರ್ಷ ಬದುಕಿದ್ದ ಮೇಜರ್ ಹಾಲೆಂಡ್ ಎಂಬವರು, ಆ ಹೊತ್ತಿಗೆ ಮೂರಡಿ ನೀರೂ ಇರುವುದಿಲ್ಲ, ದೋಣಿ ಸಿಕ್ಕಿಬೀಳುತ್ತದೆ ಎಂದು ತಲೆ ಚಚ್ಚಿಕೊಂಡರು. ಹಡಗಿನಲ್ಲಿದ್ದ ಕೋಷ್ಟಕಗಳು ಬೇರೆ ಹೇಳುತ್ತಿದ್ದವು. ಕೋಷ್ಟಕಕ್ಕೂ ಅಲ್ಲಿಯೇ ಬದುಕಿದವನಿಗೂ ವಾದ ಬಿದ್ದರೆ ಯಾರು ಗೆಲ್ಲುತ್ತಾರೆ ಎಂಬುದನ್ನು ಸರಕಾರಿ ಕಚೇರಿಯ ಮೆಟ್ಟಿಲು ಹತ್ತಿದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ದೋಣಿಗಳು ದಿಬ್ಬಕ್ಕೆ ಕೂತವು. ಸೈನಿಕರು ಎದೆಮಟ್ಟದ ನೀರಿಗೆ ಇಳಿದು, ನೂರಾರು ಗಜ, ಎದುರಿನ ಮಷಿನ್‌ಗನ್ನುಗಳ ಕಡೆಗೆ ನಡೆದರು. 76 ತಾಸಿನಲ್ಲಿ ದ್ವೀಪ ಕೈಗೆ ಬಂತು. ಅಮೆರಿಕದ ಕಡೆ ಸತ್ತವರೇ ಸುಮಾರು ಸಾವಿರ. ಒಳಗಿದ್ದ ನಾಲ್ಕೂವರೆ ಸಾವಿರಕ್ಕೂ ಹೆಚ್ಚು ಜನರಲ್ಲಿ ಜೀವಂತ ಸಿಕ್ಕ ಜಪಾನಿ ಸೈನಿಕರು 17, ದುಡಿಸಿಕೊಳ್ಳಲು ತಂದಿದ್ದ ಕೊರಿಯಾದ ಕೂಲಿಗಳು 129.

ಅಮೆರಿಕದವರ ಪರವಾಗಿ ಒಂದು ಮಾತು ಹೇಳಬೇಕು. ಅಲ್ಲಿಯ ನೀರು ಚಂದ್ರನ ಕೈಯಲ್ಲಿತ್ತು. ಕೃಷ್ಣೆಯ ನೀರು ಬಟನ್ನಿನ ಕೈಯಲ್ಲಿದೆ. ಬಸವಸಾಗರಕ್ಕೆ 30 ಗೇಟು, ಯಾವ ಗೇಟು ಯಾವಾಗ ಎಷ್ಟು ಎತ್ತುತ್ತಾರೆ ಎಂಬುದು ಎತ್ತುವವರಿಗೆ ಮೊದಲೇ ಗೊತ್ತು. ಇಷ್ಟಾದರೂ ಪ್ರತಿ ವರ್ಷ ನೆರೆ ಬಂದಾಗ ‘ಅನಿರೀಕ್ಷಿತ’ ಎಂಬ ವಿಶೇಷಣ ಪತ್ರಿಕಾ ಪ್ರಕಟಣೆಯಲ್ಲಿ ತಪ್ಪದೆ ಹಾಜರು. ಡಂಗುರದ ಬದಲು ಈಗ ವಾಟ್ಸ್ಆ್ಯಪ್ ಸಂದೇಶ ಬರುತ್ತದೆ: ‘ನದಿ ಪಾತ್ರದ ಜನರು ಸುರಕ್ಷಿತ ಸ್ಥಳಗಳಿಗೆ ತೆರಳತಕ್ಕದ್ದು.’ ನಾಲ್ಕೂ ಕಡೆ ನೀರಿರುವವನು ಯಾವ ದಿಕ್ಕಿಗೆ ತೆರಳತಕ್ಕದ್ದು ಎಂಬುದನ್ನು ಸಂದೇಶ ಹೇಳುವುದಿಲ್ಲ. ಬಹುಶಃ ಮೇಲಕ್ಕೆ.

ಇನ್ನು ಇದೇ ನೀರು ಎಡದಂಡೆ ಕಾಲುವೆಯಲ್ಲಿ ಹರಿದು ಸುರಪುರ, ಶಹಾಪುರದ ಭತ್ತದ ಗದ್ದೆಗಳನ್ನು ಹಸಿರು ಮಾಡಿದೆ, ಅದನ್ನು ಅಲ್ಲಗಳೆಯುವವನು ಅನ್ನಕ್ಕೆ ದ್ರೋಹ ಮಾಡಿದಂತೆ. 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿ ಆಲಮಟ್ಟಿಯಲ್ಲಿ ಅಡಿಗಲ್ಲಿಟ್ಟ ಯೋಜನೆ ನಮ್ಮ ಬರಗಾಲದ ಮುಖ ಬದಲಿಸಿತು. ಆದರೆ ಹತ್ತಾರು ಕಿಲೋಮೀಟರ್ ಉದ್ದಕ್ಕೆ ನೀರನ್ನು ಕೈಹಿಡಿದು ನಡೆಸಿಕೊಂಡು ಬಂದ ಎಂಜಿನಿಯರಿಂಗ್ ವಿದ್ಯೆಗೆ, ಒಂದು ಹೊಳೆಯ ನೀರಿನ ಮೇಲೆ ಒಬ್ಬ ಬಸುರಿಯನ್ನು ದಾಟಿಸುವ ದಾರಿ ಹೊಳೆಯದೆ ಹೋದದ್ದು ಹೇಗೆ ಎಂದು ಚಹಾದಂಗಡಿಯಲ್ಲಿ ಕೇಳಿದೆ. ಮಾಸ್ತರರು ತಟ್ಟನೆ ಹೇಳಿದರು: “ನೀರಿಗಿ ಬಜೆಟ್ ಇತ್ತು.”

ಅಭ್ಯರ್ಥಿಗಳು ಗಡ್ಡಿಗೆ ಹೋಗುವುದಿಲ್ಲವೆ ಎಂದರೆ, ಹೋಗುತ್ತಾರೆ, ಸುಳ್ಳು ಹೇಳಬಾರದು. ಮಿತ್ರರಾಷ್ಟ್ರಗಳ ಸೇನಾಪತಿಗಳಿಗಿಂತ ಇವರು ಜಾಣರು. ನಮ್ಮ ವಿಧಾನಸಭೆ ಚುನಾವಣೆ 2013ರಲ್ಲಿ ಮೇ ತಿಂಗಳು, 2018ರಲ್ಲಿ ಮೇ ತಿಂಗಳು, 2023ರಲ್ಲಿ ಮತ್ತೆ ಮೇ ತಿಂಗಳು. ಬಿರುಬಿಸಿಲು. ಹೊಳೆ ಬತ್ತಿ ಬಂಡೆ ಕಾಣುವ ಕಾಲ. ಧೋತರ ಎತ್ತಿಕೊಳ್ಳದೆ ದಾಟಬಹುದು. ನಡೆದು ಬಂದು, ನೀರು ಕೊಡಿ ಎಂದು ಕೇಳಿ ಕುಡಿದು, ಕೈ ಮುಗಿದು ಹೊರಡುತ್ತಾರೆ. ಅವರ ಕಣ್ಣಿಗೆ ಬಿದ್ದ ಕೃಷ್ಣೆಯಲ್ಲಿ ಸೇತುವೆಗೆ ಕೆಲಸವೇ ಇಲ್ಲ. ಒಂದೇ ಒಂದು ಚುನಾವಣೆಯನ್ನು ಆಗಸ್ಟ್ ಮೊದಲ ವಾರ ಇಟ್ಟು ನೋಡಲಿ, ಪ್ರಣಾಳಿಕೆಯ ಮೊದಲ ಪುಟಕ್ಕೆ ದೋಣಿ ಬರದಿದ್ದರೆ ಕೇಳಿ.

ಬೇಸಿಗೆ ಎಂದರೆ ಪೆಸಿಫಿಕ್‌ನ ಪೆಲೆಲಿಯು ದ್ವೀಪ ನೆನಪಾಗುತ್ತದೆ. 1944ರ ಸೆಪ್ಟೆಂಬರ್ 15ರಂದು ಆ ದ್ವೀಪಕ್ಕೆ ಇಳಿಯುವ ಮುಂಚೆ ಮೇಜರ್ ಜನರಲ್ ರುಪರ್ಟಸ್ ಮೂರು ದಿನದ ಕೆಲಸ ಎಂದಿದ್ದರು. ಜತೆಗೆ ಹೊರಟಿದ್ದ ಪತ್ರಕರ್ತರಲ್ಲಿ ಹಲವರು, ಮೂರು ದಿನದ ಯುದ್ಧಕ್ಕೆ ಏನು ಹೋಗುವುದು ಎಂದು ದಡಕ್ಕೇ ಇಳಿಯಲಿಲ್ಲ. 73 ದಿನ ಹಿಡಿಯಿತು. ಹಾಲ್ಸೀ ಎಂಬ ಅಡ್ಮಿರಲ್ಲು ಈ ದ್ವೀಪವೇ ಬೇಡ, ಬಿಟ್ಟು ಮುಂದೆ ಹೋಗೋಣ ಎಂದಿದ್ದ. ಆದರೆ ಹಡಗುಗಳು ಹೊರಟಾಗಿತ್ತು. ಹೊರಟ ಹಡಗು ಮತ್ತು ಮಂಜೂರಾದ ಕಾಮಗಾರಿ ಇವೆರಡನ್ನೂ ಬುದ್ಧಿ ಹೇಳಿ ನಿಲ್ಲಿಸಿದ ದಾಖಲೆ ಕಡಿಮೆ. ಬಿಸಿಲು 46 ಡಿಗ್ರಿ, ನಮ್ಮ ಏಪ್ರಿಲ್ ಕಂಡವರಿಗೆ ಅದೇನು ದೊಡ್ಡದಲ್ಲ. ಸೈನಿಕರಿಗೆ ಕುಡಿಯುವ ನೀರು ಕಳಿಸಿದರು, ಸರಿಯಾಗಿ ತೊಳೆಯದ ಎಣ್ಣೆಯ ಡ್ರಮ್ಮುಗಳಲ್ಲಿ. ಕುಡಿದವರು ವಾಂತಿ ಮಾಡಿಕೊಂಡು ಬಿದ್ದರು. ಇಷ್ಟು ಓದಿದಾಗ ನನಗೆ ಆ ದ್ವೀಪ ದೂರದ್ದು ಅನ್ನಿಸಲಿಲ್ಲ. ಟ್ಯಾಂಕರ್ ನೀರು ಕುಡಿದ ನಾಲಿಗೆಗೆ ಇತಿಹಾಸ ಬೇಗ ಅರ್ಥವಾಗುತ್ತದೆ.

ನಮ್ಮ ಬಜಾರಿನ ಹುಡುಗರಿಗೆ ಈ ಎಲ್ಲ ಯುದ್ಧಗಳು ನನಗಿಂತ ಚೆನ್ನಾಗಿ ಗೊತ್ತು. ಮೊಬೈಲಿನಲ್ಲಿ ನೋಡಿ ನೋಡಿ ಪಳಗಿದ್ದಾರೆ. ಇವೊ ಜಿಮಾ ದ್ವೀಪದಲ್ಲಿ ಯಾವ ಗುಡ್ಡದ ಯಾವ ಮಗ್ಗುಲಲ್ಲಿ ಸುರಂಗ ಇತ್ತು ಎಂದು ಕೇಳಿ, ಚಹಾದ ಬಟ್ಟಲನ್ನು ಬೋರಲು ಹಾಕಿ ಗುಡ್ಡ ಮಾಡಿ ಬಸಿಯ ಅಂಚಿನಿಂದ ನೌಕಾಪಡೆ ಇಳಿಸಿ ತೋರಿಸುತ್ತಾರೆ. “ಅಲ್ಲೊ ತಮ್ಮಾ, ನೀಲಕಂಠರಾಯನಗಡ್ಡಿ ಎಲ್ಲೈತಿ?” ಎಂದು ಮಾಸ್ತರರು ಕೇಳಿದರು. ಹುಡುಗ ಗೂಗಲ್ ಮ್ಯಾಪ್ ತೆಗೆದ. ನೆಟ್‌ವರ್ಕ್ ಇರಲಿಲ್ಲ.

ಆ ಇವೊ ಜಿಮಾದ ಜಗತ್ಪ್ರಸಿದ್ಧ ಫೋಟೊ ಇದೆಯಲ್ಲ, ಗುಡ್ಡದ ತುದಿಯಲ್ಲಿ ಆರು ಜನ ಬಾವುಟ ನಿಲ್ಲಿಸುತ್ತಿರುವುದು, ಜೋ ರೋಸೆಂಥಾಲ್ 1945ರ ಫೆಬ್ರವರಿ 23ರಂದು ತೆಗೆದದ್ದು. ಅದು ಆ ದಿನದ ಎರಡನೆಯ ಬಾವುಟ. ಮೊದಲನೆಯದು ಚಿಕ್ಕದು, ಬೆಳಿಗ್ಗೆಯೇ ಏರಿಸಿ ಆಗಿತ್ತು. ಆ ಮೊದಲ ಬಾವುಟದ ಫೋಟೊ ತೆಗೆದವನ ಹೆಸರು ಯಾರಿಗೂ ನೆನಪಿಲ್ಲ. ಎರಡನೆಯದರಲ್ಲಿ ಇದ್ದವರು ಯಾರು ಯಾರು ಎಂಬುದನ್ನೂ ತಪ್ಪಾಗಿ ಬರೆದುಕೊಂಡು, 2016ರಲ್ಲೊಮ್ಮೆ, 2019ರಲ್ಲೊಮ್ಮೆ ತಿದ್ದಿದರು. ದೇಶಕ್ಕೆ ಯುದ್ಧಸಾಲ ಎತ್ತಲು ಆ ಚಿತ್ರ ಬಹಳ ನೆರವಾಯಿತು. ನಮ್ಮಲ್ಲಿಯೂ ಒಂದೇ ರಸ್ತೆಗೆ ಎರಡು ಸಲ ಪೂಜೆ, ಎರಡು ಪಕ್ಷಗಳಿಂದ ಎರಡು ಫ್ಲೆಕ್ಸು ಆಗುವುದುಂಟು. ಸಾಲ ಎತ್ತುವುದರಲ್ಲೂ ನಾವು ಹಿಂದಿಲ್ಲ. ಫ್ಲೆಕ್ಸಿನಲ್ಲಿರುವವರ ಹೆಸರು ಮಾತ್ರ ನಮ್ಮಲ್ಲಿ ತಪ್ಪುವುದಿಲ್ಲ, ಅದರ ಮೇಲೆ ಎಷ್ಟೋ ಜನರ ಅನ್ನ ನಿಂತಿದೆ.

ಇಷ್ಟೆಲ್ಲ ಸೇನಾನಿಗಳಲ್ಲಿ ನಮ್ಮ ಕಚೇರಿಗಳು ಪೂಜಿಸಬೇಕಾದವನು ಒಬ್ಬನಿದ್ದಾನೆ, ಹಿರೂ ಒನೊಡಾ. ಫಿಲಿಪೈನ್ಸಿನ ಲುಬಾಂಗ್ ದ್ವೀಪದಲ್ಲಿ ಜಪಾನಿನ ಸೈನ್ಯ ಅವನನ್ನು ಬಿಟ್ಟುಹೋಯಿತು. 1945ರಲ್ಲಿ ಯುದ್ಧ ಮುಗಿಯಿತು. ಮುಗಿಯಿತು ಎಂದು ಕರಪತ್ರ ಉದುರಿಸಿದರು, ಅವನು ನಂಬಲಿಲ್ಲ. ಮನೆಯವರ ಪತ್ರ ಬಂತು, ನಂಬಲಿಲ್ಲ. ಮೇಲಧಿಕಾರಿಯಿಂದ ಆದೇಶ ಬಾರದೆ ಜಾಗ ಬಿಡುವುದಿಲ್ಲ ಎಂದು ಕಾಡಿನಲ್ಲಿ ಸುಮಾರು 29 ವರ್ಷ ಕೂತ. ಕೊನೆಗೆ 1974ರ ಮಾರ್ಚ್‌ನಲ್ಲಿ, ಅಷ್ಟರಲ್ಲಿ ಪುಸ್ತಕದ ವ್ಯಾಪಾರಕ್ಕಿಳಿದಿದ್ದ ಅವನ ಹಳೆಯ ಮೇಜರ್ ತಾನಿಗುಚಿಯನ್ನು ಹುಡುಕಿ ಕರೆತಂದು ಆದೇಶ ಓದಿಸಿದ ಮೇಲೆ ಎದ್ದುಬಂದ. ಅಲ್ಲಿಯವರೆಗೆ ದ್ವೀಪದ ಬಡ ರೈತರು ಅವನಿಗೂ ಅವನ ಸಂಗಡಿಗರಿಗೂ ಶತ್ರುಗಳಾಗಿ ಕಂಡಿದ್ದರು, ಹಲವರು ಜೀವ ಕಳಕೊಂಡರು. ಜಪಾನಿನಲ್ಲಿ ಅವನನ್ನು ವೀರನೆಂದು ಬರಮಾಡಿಕೊಂಡರು. ನನ್ನ ಅನುಮಾನವೆಂದರೆ, ನಮ್ಮ ಗಡ್ಡಿಗಳ ಕಡತವೂ ಯಾವುದೋ ಕಪಾಟಿನಲ್ಲಿ ಒನೊಡಾನಂತೆಯೇ ನಿಷ್ಠೆಯಿಂದ ಕೂತಿರಬೇಕು. ಸಹಿ ಹಾಕಿದ ಸಾಹೇಬರು ನಿವೃತ್ತರಾಗಿ ಎಲ್ಲಿ ಪುಸ್ತಕ ಮಾರುತ್ತಿದ್ದಾರೋ.

ಹೀಗಿರುವಾಗ ಬರೀ ದೂರುತ್ತ ಕೂರುವುದು ಸರಿಯಲ್ಲ, ಸಲಹೆ ಕೊಡಬೇಕು ಎಂದು ಚಹಾದಂಗಡಿಯಲ್ಲಿ ತೀರ್ಮಾನವಾಯಿತು. ಮೊದಲ ಸಲಹೆ ಅಂಗಡಿಯ ಮಾಲಕರದು. ಗಡ್ಡಿಯ ಜನ ಸುಮ್ಮನೆ ಖಾಲಿ ಮಾಡಿ ಎಲ್ಲಾದರೂ ಅಡಗಿ ಕೂರಲಿ, ಶತ್ರು ಒಳಗಿದ್ದಾನೆ ಎಂದು ನಾವು ಗುಲ್ಲೆಬ್ಬಿಸೋಣ, ನೂರು ಹಡಗು ತಾನಾಗಿ ಬರುತ್ತವೆ. ಬಂದ ಹಡಗಿನಲ್ಲಿ ವಾಪಸ್ಸು ಹೋಗುವಾಗ ಬಾಣಂತಿಯರನ್ನು ಕರಕೊಂಡು ಹೋದರಾಯಿತು. ಇದನ್ನು ಮಾಸ್ತರರು ಒಪ್ಪಲಿಲ್ಲ. ಹಡಗು ಬರುವುದರೊಳಗೆ ಮೇಲಿನಿಂದ ಎರಡು ವಾರ ಬಾಂಬು ಬೀಳುತ್ತದೆ, ಅದು ಜನನಿ ಸುರಕ್ಷಾ ಯೋಜನೆಯಲ್ಲಿ ಬರುವುದಿಲ್ಲ ಎಂದರು.

ಅವರ ಸಲಹೆ ಹೆಚ್ಚು ಕಾರ್ಯಸಾಧ್ಯವಾದದ್ದು. ಇದ್ದ ವ್ಯವಸ್ಥೆಯನ್ನೇ ಅಧಿಕೃತ ಮಾಡಿಬಿಡುವುದು. ಅಂಗಡಿಯಲ್ಲಿದ್ದ ಹಳೆಯ ಕ್ಯಾಲೆಂಡರಿನ ಬೆನ್ನ ಮೇಲೆ ಅವರು ಟೆಂಡರ್ ಪ್ರಕಟಣೆ ಬರೆದೇಬಿಟ್ಟರು, ಮುತ್ತಿನಂಥ ಅಕ್ಷರದಲ್ಲಿ: ‘ಕೃಷ್ಣಾ ನದಿ ಪಾತ್ರದ ಗಡ್ಡಿ ಗ್ರಾಮಗಳ ಗರ್ಭಿಣಿಯರ ಸುರಕ್ಷಿತ ಸಾಗಾಣಿಕೆಗಾಗಿ ಸೋರೆಬುರುಡೆ ಸರಬರಾಜು. ಬುರುಡೆ ಪೂರ್ತಿ ಒಣಗಿರತಕ್ಕದ್ದು. ತೂತು ಇರತಕ್ಕದ್ದಲ್ಲ. ಬಳಸಿದ ಬುರುಡೆಯನ್ನು ಹೆರಿಗೆಯ ನಂತರ ಮೂರು ದಿನಗಳೊಳಗೆ ಕಚೇರಿಗೆ ಮರಳಿಸತಕ್ಕದ್ದು. ಅವಳಿ ಮಕ್ಕಳಿದ್ದಲ್ಲಿ ಒಂದು ಬುರುಡೆ ಹೆಚ್ಚುವರಿ, ವೈದ್ಯಕೀಯ ಪ್ರಮಾಣಪತ್ರ ಕಡ್ಡಾಯ. ಪ್ರಮಾಣಪತ್ರವನ್ನು ಆಚೆ ದಡದ ಆಸ್ಪತ್ರೆಯಿಂದ ಖುದ್ದಾಗಿ ಪಡೆದು ಹಾಜರುಪಡಿಸತಕ್ಕದ್ದು. ಜಿಎಸ್‌ಟಿ ಪ್ರತ್ಯೇಕ.’